ಕದದ ಹುಳದ ಪರ ಆರು ವರ್ಷ ವಾದಿಸಿದ್ದು

ಮೂವತ್ತೊಂದನೇ ವಯಸ್ಸಿಗೇ ನಿವೃತ್ತಿಯ ನೆನಪು ಬರೆಯಲು ಕೂತರೆ ಜನ ನಗುತ್ತಾರೆ. ನಗಲಿ. ನಿವೃತ್ತಿಯಾದದ್ದು ನಾನಲ್ಲ, ನನ್ನ ಹುದ್ದೆ. ಜೇಡ ಸಮೀಕ್ಷೆಯ ಕ್ಷೇತ್ರ ಸಹಾಯಕಿಯಾಗಿ ಆರು ವರ್ಷ ಇದ್ದೆ. ಯೋಜನೆ ಮುಗಿಯಿತು, ಅದರ ಜೊತೆ ಹುದ್ದೆಯೂ ಮುಗಿಯಿತು. ಹುದ್ದೆಗೆ ಬರೆಯಲು ಬರುವುದಿಲ್ಲವಲ್ಲ, ಅದಕ್ಕೆ ಅದರ ಪರವಾಗಿ ನಾನು ಬರೆಯುತ್ತಿದ್ದೇನೆ.

ಈಗ ರೋಣದಲ್ಲಿ ಕಾಲೇಜು ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತೇನೆ. ಅವರಲ್ಲಿ ಇಬ್ಬರು ಇಂಥದ್ದೇ ಸಮೀಕ್ಷೆಯ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. 'ಆ ಕೆಲಸ ಹ್ಯಾಂಗ ಇರ್ತೈತ್ರಿ ಮೇಡಂ' ಎಂದು ಕೇಳಿದರು. ಬಾಯಿಮಾತಿನಲ್ಲಿ ಹೇಳಲು ಹೋದರೆ ನಡುನಡುವೆ ಅಡ್ಡ ಪ್ರಶ್ನೆ ಹಾಕುತ್ತಾರೆ. ಅದನ್ನು ಕಲಿಸಿದವಳೂ ನಾನೇ. ಅದಕ್ಕೆ ಬರೆದು ಕೊಡುವುದು ಲೇಸೆನಿಸಿತು.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನನಗೆ ಹುಳಹುಪ್ಪಡಿಗಳ ಮೇಲೆ ಯಾವ ಪ್ರೀತಿಯೂ ಇರಲಿಲ್ಲ. ಜಾಹೀರಾತಿನಲ್ಲಿ 'ರೈತರೊಂದಿಗೆ ಮಾತನಾಡಬಲ್ಲವರು ಬೇಕು' ಎಂದಿತ್ತು. ಮಾತಾಡುವುದಕ್ಕೆ ಸಂಬಳ ಕೊಡುವವರೂ ಇದ್ದಾರಲ್ಲ ಎಂದು ಹೋದೆ. ಯೋಜನೆಯ ಮುಖ್ಯಸ್ಥರು ಹೊಸಮನಿ ಸರ್, ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಸಂದರ್ಶನದಲ್ಲಿ ನನ್ನ ಮುಂದೆ ಒಂದು ತಗಡಿನ ಡಬ್ಬಿ ಇಟ್ಟು ತೆರೆದರು. ಒಳಗೆ ಹತ್ತಿಯ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ದೊಡ್ಡ ಮಣ್ಣಿನ ಬಿಲ್ಲೆ.

"ಏನಿದು?"

"ಮಣ್ಣಿನ ಬಿಲ್ಲೆ ಸರ್."

"ಬಾಗಲಾ ಅದು. ಒಂದ ಜೇಡ ತನ್ನ ಮನಿಗೆ ಹಚ್ಚಿದ ಬಾಗಲಾ."

"ನಾ ನಂಬೂದಿಲ್ಲ ಸರ್."

"ಚಲೋ ಆತು. ನಾಳಿಂದ ಬಾ."

ನಂಬದವಳು ಬೇಕಾಗಿತ್ತು ಅವರಿಗೆ. ನಂಬಿ ಬಂದವರು ಕಂಡ ಕಂಡ ತೂತನ್ನೆಲ್ಲ ಜೇಡದ ಮನೆ ಎಂದು ಬರೆದು ಸುಸ್ತು ಮಾಡಿದ್ದರಂತೆ.

ಜೇಡ ಎಂದರೆ ನಮಗೆ ಮೂಲೆಯಲ್ಲಿ ಬಲೆ ಕಟ್ಟುವುದು. ಇದು ಹಾಗಲ್ಲ. ಗಟ್ಟಿ ಕೆಂಪು ಮಣ್ಣಿನ ದಂಡೆಯಲ್ಲಿ ಗೇಣುದ್ದದ ಬಿಲ ಕೊರೆದು, ಒಳಗೋಡೆಗೆ ರೇಷ್ಮೆಯ ಅಸ್ತರು ಹಾಕಿ, ಬಾಯಿಗೆ ಮಣ್ಣು ರೇಷ್ಮೆ ಸೇರಿಸಿ ಒಂದು ಮುಚ್ಚಳ ಮಾಡುತ್ತದೆ. ಮುಚ್ಚಳದ ಒಂದು ಬದಿಗೆ ರೇಷ್ಮೆಯದೇ ಬಿಜಾಗರಿ. ಹುಳ ಹತ್ತಿರ ಬಂದಾಗ ಸಟ್ಟನೆ ಕದ ತೆಗೆದು ಹಿಡಿದು ಮತ್ತೆ ಒಳಗೆ. ಕದ ಹಾಕಿದ್ದರೆ ಪಕ್ಕದಲ್ಲೇ ಕೂತರೂ ಕಾಣುವುದಿಲ್ಲ. ಹೆಣ್ಣು ಜೇಡ ಹುಟ್ಟಿದ ದಂಡೆಯನ್ನು ಬಿಟ್ಟು ಜೀವಮಾನದಲ್ಲಿ ದೂರ ಹೋಗುವುದಿಲ್ಲ. ದಂಡೆ ಹೋದರೆ ಅದೂ ಹೋಯಿತು.

ಹೊಸಮನಿ ಸರ್ ತಮ್ಮ ನೌಕರಿಯ ಕಾಲದಲ್ಲಿ ಇಂಥ ಜೇಡವನ್ನು ಕರಾವಳಿಯಲ್ಲಿ ನೋಡಿದ್ದರು. ಸಮುದ್ರದ ದಂಡೆಯ ಹಿಂದೆ ಒಂದು ಮಣ್ಣಿನ ದಿಬ್ಬ. ಅವರ ವರದಿ ಟೈಪಾಗಿ ಬರುವಷ್ಟರಲ್ಲಿ ದಿಬ್ಬದ ಮೇಲೆ ಮೂರಂತಸ್ತಿನ ಕಟ್ಟಡ ಎದ್ದಿತ್ತು. ಡಬ್ಬಿಯಲ್ಲಿದ್ದದ್ದು ಅಲ್ಲಿಯ ಮುಚ್ಚಳ. ಆಮೇಲೆ ಅವರಿಗೆ ಗಜೇಂದ್ರಗಡದ ಮಸಾರಿ, ಅಂದರೆ ಕೆಂಪು ಮಣ್ಣಿನ, ದಂಡೆಯೊಂದರಲ್ಲಿ ಥೇಟು ಅಂಥದ್ದೇ ಜೇಡ ಕಂಡಿತು, ಸಮುದ್ರದಿಂದ ಇಷ್ಟು ದೂರ. ಎರಡೂ ಒಂದೇ ಜಾತಿಯೋ ಅಲ್ಲವೋ ಎಂಬುದು ತಿಳಿದವರ ನಡುವೆ ಇನ್ನೂ ತೀರ್ಮಾನವಾಗಿಲ್ಲ. ನನಗೂ ಪೂರ್ತಿ ಖಾತ್ರಿಯಿಲ್ಲ. ಆದರೆ ಖಾತ್ರಿಯಾಗುವ ತನಕ ಹುಳ ಉಳಿದಿರಬೇಕು ಎಂಬ ಮಾತಿಗೆ ಎದುರುವಾದ ಹುಡುಕಿದೆ, ಸಿಗಲಿಲ್ಲ.

ಕೆಲಸದ ರೀತಿ ಹೀಗಿತ್ತು. ಮಳೆ ಬಿದ್ದು ಮೂರು ದಿನವಾದ ಮೇಲೆ, ಬೆಳಿಗ್ಗೆ ಏಳರೊಳಗೆ, ದಂಡೆಯ ಮುಂದೆ ಹೊಟ್ಟೆ ಅಡಿಯಾಗಿ ಮಲಗಬೇಕು. ಕೈಯಲ್ಲಿ ಬೊಗಸೆಯಗಲದ ಕನ್ನಡಿ. ಅದರಿಂದ ಬಿಸಿಲನ್ನು ಮಣ್ಣಿನ ಮೇಲೆ ಅಡ್ಡಡ್ಡ ಬಿಟ್ಟರೆ ಮುಚ್ಚಳದ ಅಂಚಿಗೆ ಕೂದಲೆಳೆಯಷ್ಟು ನೆರಳು ಬೀಳುತ್ತದೆ. ಆ ನೆರಳು ಪೂರ್ತಿ ದುಂಡಗಿದ್ದರೆ ಮನೆ. ಕೊನೆಯ ಎರಡು ವರ್ಷ ಫೋನಿನಲ್ಲೇ ಚಿತ್ರ ತೆಗೆದು ಹಿಗ್ಗಿಸಿ ನೋಡುವ ಪದ್ಧತಿ ಬಂತು. ಸರಾಗವಾದ ಪದ್ಧತಿ, ಬೆನ್ನು ನೋಯುವುದಿಲ್ಲ. ಆದರೂ ಮೊದಲು ಕನ್ನಡಿಯಿಂದ ಕಲಿಯಿರಿ. ಕಣ್ಣಿಗೆ ಕಾಣದ್ದನ್ನು ಫೋನು ಹಿಗ್ಗಿಸಿದರೂ ಉಪಯೋಗವಿಲ್ಲ. ಮುಚ್ಚಳವನ್ನು ಕಡ್ಡಿ ಹಾಕಿ ಎಬ್ಬಿಸುವುದಂತೂ ನಮ್ಮಲ್ಲಿ ಮಹಾಪಾಪ. ಬಿಜಾಗರಿ ಹರಿದರೆ ಜೇಡಕ್ಕೆ ಅದನ್ನು ಮತ್ತೆ ನೇಯಲು ರಾತ್ರಿಗಳೇ ಬೇಕು.

ನನ್ನ ಮೊದಲ ದೊಡ್ಡ ತಪ್ಪು ಆದದ್ದು ಬೆಳವಣಕಿಯಲ್ಲಿ. ಸುಗ್ಗಿ ಮುಗಿದ ಒಂದು ಎರಿ ಹೊಲ, ಕಪ್ಪು ನೆಲ. ಅದರ ತುಂಬ ಸಾಲುಸಾಲು ದುಂಡು ತೂತುಗಳು. ಒಂದಕ್ಕೊಂದು ಎರಡು ಮಾರು ಅಂತರ, ಹಗ್ಗ ಹಿಡಿದು ಅಳೆದ ಹಾಗೆ. ಒಂದಕ್ಕೂ ಮುಚ್ಚಳವಿರಲಿಲ್ಲ. ಒಣಗಿ ಉದುರಿರಬೇಕು ಎಂದು ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಪ್ರತಿ ಜೇಡವೂ ತನ್ನ ಸರಹದ್ದನ್ನು ಕಟ್ಟುನಿಟ್ಟಾಗಿ ಕಾಯುತ್ತದೆ, ಅದಕ್ಕೇ ಅಂತರ ಸಮನಾಗಿದೆ ಎಂದು ಹೊಲದಲ್ಲೇ ಕೂತು ನಾಲ್ಕು ಪುಟ ಬರೆದೆ. ಬದುವಿನ ಮೇಲೆ ಕಂಬಳಿ ಹೊದ್ದು ಕೂತಿದ್ದ ಕುರಿಗಾರರೊಬ್ಬರು ಬಹಳ ಹೊತ್ತು ನೋಡಿದರು.

"ಏನ ಅಳ್ಯಾಕತ್ತಿ ಯವ್ವಾ?"

"ಗುದ್ದು ಕಾಕಾ. ಜ್ಯಾಡರ ಹುಳದ ಗುದ್ದು."

"ಅವು ನಮ್ಮ ಗೂಟದ ತೂತಬೇ. ಮೊನ್ನಿ ಮೂರ ದಿನಾ ಇಲ್ಲೆ ಕುರಿ ತರುಬಿದ್ವಿ. ಬಲಿ ಬಿಗ್ಯಾಕ ಗೂಟಾ ಹೊಡದಿದ್ವಿ."

"ಎಲ್ಲಾವೂ?"

ಅವರು ಎದ್ದು ಪ್ರಾಮಾಣಿಕವಾಗಿ ಎಲ್ಲವನ್ನೂ ನೋಡಿ ಬಂದರು. "ಆ ತುದೀಗಿಂದು ಒಂದ ನಮ್ಮದಲ್ಲ. ಅದು ಇಲೀದು."

ನಾಲ್ಕು ಪುಟವನ್ನು ಹರಿದು ಹಾಕುವ ಮನಸ್ಸಿತ್ತು. ಆದರೆ ಬರೆದದ್ದನ್ನು ತೋರಿಸದೆ ಹರಿಯಬಾರದು ಎಂಬುದು ಹೊಸಮನಿ ಸರ್ ಕಟ್ಟಳೆ. ತೋರಿಸಿದೆ. ಅವರು ಪೂರ್ತಿ ಓದಿ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದರು: 'ವಾದ ಚಲೋ ಐತಿ. ಹುಳ ಇಲ್ಲ.'

ನರಗುಂದದ ಕಡೆ ಆರು ತಿಂಗಳು ಹುಡುಕಿ ಒಂದೂ ಸಿಗಲಿಲ್ಲ. ಅಲ್ಲಿಯ ಕಪ್ಪು ನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅಂಥ ಬಿರುಕಿನಲ್ಲಿ ಕದ ಕಟ್ಟಿ ಏನು ಮಾಡುವುದು. 'ಇಲ್ಲ' ಎಂದು ಒಂದೇ ಸಾಲು ಬರೆದು ಮುಗಿಸೋಣ ಎಂದೆ. ಸರ್ ಕೇಳಲಿಲ್ಲ. ಯಾವ ಹೊಲ, ಎಷ್ಟು ಹೊತ್ತಿಗೆ, ಎಷ್ಟು ದೂರ ಮಲಗಿ ನೋಡಿದಿ, ಎಲ್ಲ ಬೇಕು. "ಇಲ್ಲಾ ಅನ್ನೂದನ್ನೂ ನೋಡಿನ ಬರೀಬೇಕವಾ," ಎಂದರು. ಬೇಸರದಿಂದ ಬರೆದೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಬರೆಯುವುದು ಇಲ್ಲದ್ದನ್ನೇ. ಅದಕ್ಕೆ ತಯಾರಿಲ್ಲದವರು ಅರ್ಜಿಯನ್ನು ಈಗಲೇ ಹಿಂದೆ ತೆಗೆದುಕೊಳ್ಳಬಹುದು.

ಇನ್ನು ಬಸ್ಸು. ರೋಣದಿಂದ ಗಜೇಂದ್ರಗಡಕ್ಕೆ ಹೋಗುವಾಗ ಪಕ್ಕದಲ್ಲಿ ಕೂತವರು ಕೆಲಸ ಏನು ಎಂದು ಕೇಳದೆ ಬಿಡುವುದಿಲ್ಲ. ಒಮ್ಮೆ ಸೂಡಿಗೆ ಹೊರಟಿದ್ದ ಹೆಂಗಸೊಬ್ಬಳಿಗೆ ಜ್ಯಾಡರ ಹುಳ ಹುಡುಕುತ್ತೇನೆ ಎಂದೆ.

"ಮನ್ಯಾಗಿನ ಜ್ಯಾಡ ಕೆಡವಾಕ ಬರ್ತೀಯೇನ?"

"ಇಲ್ರಿ. ಉಳಸಾಕ."

"ಹಂಗಾರ ನಮ್ಮ ಅತ್ತಿ ಅಡಗಿ ಮನಿ ನೋಡ ಬಾ ತಂಗಿ. ಇಪ್ಪತ್ತ ವರ್ಷದಿಂದ ಉಳಸ್ಕೊಂಡ ಬಂದಾಳ."

ಇಂಥ ಮಾತಿಗೆ ಉತ್ತರ ಹುಡುಕಬೇಡಿ. ನಕ್ಕುಬಿಡಿ. ಇಳಿಯುವ ಮೊದಲು ಆಕೆಯೇ ತನ್ನ ತವರಿನ ಹಳ್ಳದ ದಂಡೆಯ ವಿಷಯ ಹೇಳಿದಳು. ಅಲ್ಲಿ ಎರಡು ಮನೆ ಸಿಕ್ಕವು.

ಮುಖ್ಯ ದಂಡೆ ಇದ್ದದ್ದು ಗಜೇಂದ್ರಗಡದ ಹೊರಗೆ, ಲಕ್ಕಲಕಟ್ಟಿಯ ಕಡೆ, ಸಂಗಪ್ಪ ಸಾವಕಾರರ ಮಸಾರಿ ಹೊಲದಲ್ಲಿ. ಎದೆಯೆತ್ತರದ ಕೆಂಪು ದಂಡೆ, ಕೆಳಗೆ ಸಣ್ಣ ಹಳ್ಳ. ನಾನು ಮೊದಲ ಸಲ ಹೋದಾಗ ಅಲ್ಲಿ ಫಕೀರವ್ವ ಎಂಬ ಹೆಂಗಸು ಕುರುಪಿ ಹಿಡಿದು ಬುಟ್ಟಿಗೆ ಮಣ್ಣು ತುಂಬುತ್ತಿದ್ದಳು. ಹಬ್ಬದ ಮುಂದೆ ಮನೆಮನೆಗೆ ಕೆಮ್ಮಣ್ಣು ಮಾರುವುದು ಅವಳ ಕೆಲಸ. ಒಲೆಗೆ, ಕಟ್ಟೆಗೆ, ಗೋಡೆಯ ಬುಡಕ್ಕೆ ಸಾರಿಸಲು ಜನ ಕೊಳ್ಳುತ್ತಾರೆ. ನಾನು ಮಲಗಿ ಕನ್ನಡಿ ಹಿಡಿದದ್ದನ್ನು ಕಂಡು, "ಕದದ ಹುಳಾ ನೋಡ್ತೀಯೇನ ಯವ್ವಾ? ಅಲ್ಲಿಲ್ಲ, ಇತ್ತ ಬಾ," ಎಂದು ಹತ್ತು ಹೆಜ್ಜೆ ಆಚೆ ಕರೆದೊಯ್ದು ಕುರುಪಿಯ ತುದಿಯಿಂದ ಒಂದೊಂದಾಗಿ ತೋರಿಸಿದಳು. ಕನ್ನಡಿಯಿಲ್ಲದೆ. ಅವಳು ಮಣ್ಣು ತೆಗೆದ ಗುಂಡಿಗಳೆಲ್ಲ ಆ ಜಾಗವನ್ನು ಬಿಟ್ಟು ಸುತ್ತು ಹಾಕಿದ್ದವು.

ನಾನು ಟಿಪ್ಪಣಿ ಪುಸ್ತಕ ತೆಗೆದೆ. ಹಿರಿಯರಿಂದ ಬಂದ ಭೂತದಯೆ, ಜನಪದರ ಸಂರಕ್ಷಣೆ, ಹೀಗೆ ಏನೇನೋ ಶಬ್ದಗಳು ತಲೆಯಲ್ಲಿ ಸಿದ್ಧವಾಗಿದ್ದವು.

"ಇಲ್ಲಿ ಯಾಕ ತಗ್ಯಾಂಗಿಲ್ಲ ನೀವು?"

"ಅದರ ನೂಲು ಬೆರತ ಮಣ್ಣು ಗ್ವಾಡಿಗೆ ಹತ್ತೂದಿಲ್ಲ. ಗಂಟ ಗಂಟ ಆಕ್ಕತಿ. ಗಿರಾಕಿ ಬೈತಾರ."

ಅದನ್ನೇ ಬರೆದುಕೊಂಡೆ. ಕೇಳುವ ಮೊದಲೇ ಉತ್ತರ ಬರೆದಿಡುವ ಚಟ ನನಗೆ ಅಂದಿನಿಂದ ಸ್ವಲ್ಪ ಕಡಿಮೆಯಾಯಿತು. ಆ ದಂಡೆಯಲ್ಲಿ ಮೂವತ್ತಕ್ಕೂ ಹೆಚ್ಚು ಮನೆಗಳಿದ್ದವು. ಮೂರು ತಾಲೂಕು ಸುತ್ತಿದರೂ ಅಷ್ಟು ಒಟ್ಟಿಗೆ ಬೇರೆಲ್ಲೂ ಸಿಗಲಿಲ್ಲ.

ನಾಲ್ಕನೇ ವರ್ಷ ಸಾವಕಾರರು ಹೊಲವನ್ನು ಎನ್ಎ, ಅಂದರೆ ಕೃಷಿಯೇತರ ಜಮೀನು, ಮಾಡಿಸಿ ಪ್ಲಾಟು ಹಾಕಲು ಹೊರಟರು. ನಕ್ಷೆ ತರಿಸಿ ನೋಡಿದೆವು. ದಂಡೆಯನ್ನು ಕಡಿದು ಅದರ ಗರಸುಮಣ್ಣನ್ನು ಒಳರಸ್ತೆಗೆ ಹಾಕುವುದು, ಸಪಾಟಾದ ಜಾಗದಲ್ಲಿ ಆರು ಪ್ಲಾಟು. ಕಾನೂನಿನ ಪ್ರಕಾರ ಬಿಡಲೇಬೇಕಾದ ಪಾರ್ಕಿನ ಜಾಗವನ್ನು ಇನ್ನೊಂದು ತುದಿಯಲ್ಲಿ, ಮಳೆಗಾಲದಲ್ಲಿ ನೀರು ನಿಲ್ಲುವ ಎರಿ ಮೂಲೆಯಲ್ಲಿ ತೋರಿಸಿದ್ದರು. ಪಾರ್ಕನ್ನು ದಂಡೆಯ ಬದಿಗೆ ತಂದರೆ ಸಾಕಿತ್ತು. ಸಾವಕಾರರ ಹತ್ತಿರ ಮಾತಾಡಿ ಬಾ ಎಂದು ಹೊಸಮನಿ ಸರ್ ನನ್ನನ್ನು ಕಳಿಸಿದರು.

ಸಾವಕಾರರದು ಮಾರ್ಕೆಟ್ಟಿನಲ್ಲಿ ಕಾಳಿನ ಅಂಗಡಿ. ಐವತ್ತರ ಆಸುಪಾಸಿನ ಮನುಷ್ಯ, ಮಾತಿಗೆ ಮಾತು ಕೊಡುವುದರಲ್ಲಿ ಹೆಸರುವಾಸಿ. ಬೆಳಗಿನ ಹೊತ್ತು ಚೀಲಗಳ ಮೇಲೆ ನಾಲ್ಕೈದು ಜನ ಕೂತೇ ಇರುತ್ತಾರೆ. ಅವತ್ತು ಪ್ಲಾಟು ಕೇಳಲು ಬಂದವರೂ ಇಬ್ಬರಿದ್ದರು. ನಾನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಮಾಡುತ್ತಿದ್ದಂತೆ, ಒಪ್ಪಲೇಬೇಕಾದ ಪ್ರಶ್ನೆಗಳನ್ನು ಒಂದರ ಹಿಂದೊಂದು ಇಟ್ಟೆ.

"ಪಾರ್ಕಿಗೆ ಜಾಗಾ ಬಿಡಬೇಕು, ಹೌದಲ್ರಿ?"

"ಹೌದ್ರಿ ಮೇಡಂ. ಬಿಟ್ಟೇವಿ."

"ಎರಿ ಮೂಲ್ಯಾಗ?"

"ಹೌದ್ರಿ."

"ಮಳಿಗಾಲದಾಗ ಅಲ್ಲೆ ಮೊಣಕಾಲ ಮಟಾ ನೀರ ನಿಂದರ್ತೈತಿ, ಹೌದಲ್ರಿ?"

ಅವರು ತಕ್ಕಡಿಗೆ ಕಡಲೆ ಸುರಿದರು.

"ಅಂದ್ರ ಆ ಪಾರ್ಕಿನ್ಯಾಗ ಹುಡುಗ್ರು ಜೋಕಾಲಿ ಆಡೂದೋ, ಈಜ ಕಲಿಯೂದೋ?"

ಅಂಗಡಿಯೆಲ್ಲ ನಕ್ಕಿತು. ಪ್ಲಾಟು ಕೇಳಲು ಬಂದವರೂ ನಕ್ಕರು. ಸಾವಕಾರರು ತೂಗುತ್ತಿದ್ದ ಕಡಲೆಯನ್ನು ಪೂರ್ತಿ ತೂಗಿ, ಚೀಲದ ಬಾಯಿ ಕಟ್ಟಿ, "ನೀವು ಗೆದ್ರಿ ಬಿಡ್ರಿ," ಎಂದರು. ನಾನು ಸರ್‌ಗೆ ಫೋನು ಮಾಡಿ ಕೆಲಸ ಆಯಿತು ಎಂದೆ.

ಮರುದಿನ ಬೆಳಿಗ್ಗೆ ಫಕೀರವ್ವನ ಫೋನು. "ಯವ್ವಾ, ಜೆಸಿಬಿ ಬಂದೈತಿ."

ನಾವು ಮುಟ್ಟುವಷ್ಟರಲ್ಲಿ ಅರ್ಧ ದಂಡೆ ಹೋಗಿತ್ತು. ಮಳೆ ಶುರುವಾಗಿ ಗಾಲಿ ಹೂತದ್ದರಿಂದ ಮಶೀನು ನಿಂತಿತ್ತು. ಕಡಿದ ಗೋಡೆಯಲ್ಲಿ ರೇಷ್ಮೆಯ ಬಿಳಿ ಕೊಳವೆಗಳು ಹರಿದ ಕಾಲುಚೀಲದಂತೆ ಜೋತಾಡುತ್ತಿದ್ದವು. ಹೊಸಮನಿ ಸರ್ ಕೊಡೆ ಮಡಚಿ, ಒಂದು ಕೊಳವೆಯನ್ನು ಬೆರಳಿಂದ ಎತ್ತಿ ನೋಡಿದರು. ಒಳಗೆ ಮಣ್ಣು ತುಂಬಿತ್ತು.

"ನಿನ್ನೆ ಯಾರ ಗೆದ್ರು ಸುಧಾ?"

"ನಾನ ಸರ್."

"ಎಲ್ಲೆ?"

"ಅಂಗಡ್ಯಾಗ."

"ಎಲ್ಲಾರ ಮುಂದ?"

"ಹೂಂ ಸರ್."

ಮಳೆಯಲ್ಲಿ ಇಬ್ಬರೂ ಉಳಿದ ಅರ್ಧದ ಮುಂದೆ ಮಲಗಿ ಎಣಿಸಿದೆವು. ಹದಿಮೂರು. ನೆಲ ಒಣಗಿದೊಡನೆ ಮಶೀನು ಮತ್ತೆ ಎದ್ದು ನಿಲ್ಲುತ್ತದೆ. ನಮ್ಮ ಕೈಯಲ್ಲಿದ್ದದ್ದು ಒಂದು ವಾರ, ಹೆಚ್ಚೆಂದರೆ ಎಂಟು ದಿನ.

ಆ ವಾರ ನಾನು ಸರ್ ಜೊತೆಗೂ ಜಗಳಾಡಿದೆ. ನಾನು ಹೇಳಿದ್ದರಲ್ಲಿ ಒಂದಾದರೂ ಸುಳ್ಳಿತ್ತೇ ಎಂದು ಕೇಳಿದೆ. "ಸುಳ್ಳ ಹೇಳೀ ಅಂತ ಯಾರಂದ್ರು?" ಎಂದು ಅವರು ಚಹಾ ಸೋಸುತ್ತಲೇ ಹೇಳಿದರು. "ಅವರ ಅಂಗಡ್ಯಾಗ, ಅವರ ಗಿರಾಕಿ ಮುಂದ ಅವರನ್ನ ಕೆಡವಿದಿ. ಏಳಾಕ ಅವರಿಗೆ ಒಂದ ದಾರಿ ಬೇಕಿತ್ತು. ಜೆಸಿಬಿ ಸಿಕ್ತು." ಅವರಿಗೆ ಸಿಟ್ಟು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಬರಲಿಲ್ಲ. ಒಂದು ಕಪ್ಪು ನನ್ನ ಕೈಗೂ ಕೊಟ್ಟರು.

ಫಕೀರವ್ವನ ಹತ್ತಿರ ಹೋಗಿ ಸಾವಕಾರರನ್ನು ಬೈದೆ. ಅವಳಾದರೂ ನನ್ನ ಕಡೆ ಇದ್ದಾಳು ಎಂದುಕೊಂಡಿದ್ದೆ. ಅವಳು ಬುಟ್ಟಿ ಇಳಿಸಿ ಹೇಳಿದಳು: "ಬೈಬ್ಯಾಡ ಯವ್ವಾ. ಪ್ಲಾಟ್ ಬಿದ್ರ ನನಗೊಂದ ಸಣ್ಣದು ಸಿಗತೈತೇನೋ ಅಂತ ನಾನೂ ಕೇಳಾಕತ್ತೀನಿ. ಆ ಹುಳಕ್ಕ ಸ್ವಂತ ಕದ ಐತಿ. ನಾ ಬಾಡಿಗಿ ಮನ್ಯಾಗ ಅದೀನಿ."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಚರ್ಚಾಸ್ಪರ್ಧೆಯ ತಯಾರಿಯಲ್ಲಿ ನಮಗೊಂದು ಪದ್ಧತಿಯಿತ್ತು. ಎದುರಾಳಿಯ ವಾದಕ್ಕೆ ಉತ್ತರ ಹೊಳೆಯದಿದ್ದರೆ ಪಕ್ಷ ಅದಲುಬದಲು ಮಾಡಿಕೊಂಡು ಮಾತಾಡಬೇಕು. ಆತನ ವಾದವನ್ನು ನಾನು, ನನ್ನದನ್ನು ಆತ. ನಮ್ಮ ವಾದದ ತೂತು ಎಲ್ಲಿದೆ, ಗಟ್ಟಿ ಎಲ್ಲಿದೆ ಎಂದು ಆಗ ತಿಳಿಯುತ್ತದೆ. ಆರನೇ ದಿನ, ಬಿಸಿಲು ಬಿದ್ದ ಬೆಳಿಗ್ಗೆ, ಅದೇ ಅಂಗಡಿಗೆ ಹೋದೆ. ಅದೇ ಚೀಲಗಳ ಮೇಲೆ ಹೆಚ್ಚುಕಡಿಮೆ ಅದೇ ಜನ.

"ನಿಮ್ಮ ಜೋಡಿ ಮಾತಿಲ್ಲ ಮೇಡಂ," ಎಂದರು ಸಾವಕಾರರು, ನನ್ನ ಕಡೆ ನೋಡದೆ.

"ಬ್ಯಾಡ್ರಿ. ಇವತ್ತ ನಿಮ್ಮ ಕಡಿ ನಾ ಮಾತಾಡ್ತೀನಿ. ಹುಳದ ಕಡಿ ನೀವು ಮಾತಾಡ್ರಿ. ಯಾರ ಗೆದ್ರು ಅನ್ನೂದು ಇವರ ಹೇಳ್ಲಿ."

"ನನಗೇನ ಹುಚ್ಚ ಹಿಡದೈತೇನ?"

ಜೋಳ ಒಯ್ಯಲು ಬಂದಿದ್ದ ಕೈಮಗ್ಗದ ಮಹಾದೇವಪ್ಪ ಚೀಲದ ಮೇಲಿಂದ ಕೆಣಕಿದರು. "ಅಂಜಿದ್ರೇನ್ರೀ ಸಾವಕಾರ್ರ?"

"ಅಂಜೂದ್ಯಾಕ. ಹೇಳ್ರಿ ಮೇಡಂ, ಮೊದಲ ನೀವ ಹೇಳ್ರಿ."

ನಾನು ಬಿಟ್ಟುಕೊಟ್ಟು ಮಾತಾಡಲಿಲ್ಲ. ಸೋಲಲೆಂದೇ ಮೆತ್ತಗೆ ಮಾತಾಡಿದ್ದರೆ ಆ ಅಂಗಡಿಯಲ್ಲಿ ಕೂತವರಿಗೆ ಕೂಡಲೇ ಗೊತ್ತಾಗುತ್ತಿತ್ತು. ಊರು ಬೆಳೆಯುತ್ತಿದೆ, ಬೆಳೆದ ಊರಿಗೆ ಮನೆ ಬೇಕು ಎಂದೆ. ದಂಡೆ ಕಡಿದರೆ ಆರು ಮನೆ ಏಳುತ್ತವೆ, ಆರು ಸಂಸಾರ ತಮ್ಮ ಬಾಗಿಲಿಗೆ ತಾವೇ ಚಿಲಕ ಹಾಕುತ್ತವೆ ಎಂದೆ. ಕೊನೆಗೆ ಫಕೀರವ್ವನ ಮಾತನ್ನು ಅವಳ ಹೆಸರು ಹೇಳಿಯೇ ಇಟ್ಟೆ. ಹುಳಕ್ಕೆ ಸ್ವಂತ ಕದ ಇದೆ, ಮಣ್ಣು ಹೊರುವವಳಿಗೆ ಇಲ್ಲ. ಯಾರ ಕಡೆ ನಿಲ್ಲುತ್ತೀರಿ?

ಸಾವಕಾರರು ತಕ್ಕಡಿ ಬದಿಗೆ ಸರಿಸಿ, ತೊಡೆಯ ಮೇಲೆ ಕೈಯಿಟ್ಟು ಮುಂದೆ ಬಾಗಿದರು.

"ಫಕೀರವ್ವಗ ಮನಿ ಬೇಕು. ಖರೇ. ಅದರಾಗ ಎರಡ ಮಾತಿಲ್ಲ. ಆದ್ರ ಆ ದಂಡಿ ಮ್ಯಾಲ ಯಾಕ ಬೇಕು? ಗರಸ ತಗದ ಹಳ್ಳದ ಬಾಜೂಕ ಮನಿ ಕಟ್ಟಿದ್ರ ನಾಕ ಮಳಿಗೆ ಪಾಯಾ ಕೂಡ್ರತೈತಿ. ಬಡವಿಗೆ ಬಿರಿಯೂ ಮನಿ ಮಾರಿ, ಉಪಕಾರ ಮಾಡೇನಿ ಅಂತ ಹೇಳೂದು ಯಾವ ನ್ಯಾಯ?" ಪ್ಲಾಟು ಹಾಕಿದವರು ತಾವೇ ಎಂಬುದು ಅವರಿಗೆ ಆ ಕ್ಷಣ ಮರೆತೇಹೋಗಿತ್ತು. "ಮತ್ತ ಆ ಹುಳಾ ಏನ ಮಾಡೈತಿ? ಯಾರ ಮನ್ಯಾಗ ಹೊಕ್ಕೈತಿ? ತನ್ನ ಗೋಡಿ ತಾನ ನೇಯ್ಕೊಂಡು, ತನ್ನ ಕದ ತಾನ ಹಚ್ಚಿಕೊಂಡು ಕುಂತೈತಿ. ಏ ಮಹಾದೇವಪ್ಪ, ನಮ್ಮೂರಾಗ ನೇಯೂ ಮಂದಿಗೆ ಇಲ್ಲಿಂದ ಏಳ ಅಂತ ಯಾರರ ಅಂದಾರೇನ?"

"ಇಲ್ರಿ," ಎಂದರು ಮಹಾದೇವಪ್ಪ.

"ಹಂಗಾರ ಇದಕ್ಕ ಯಾಕ ಅನ್ನೂದು?"

ಕ್ವಿಂಟಲ್ ಚೀಲ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ ಹಮಾಲ ಮೊದಲು ತೀರ್ಪು ಕೊಟ್ಟ. "ಸಾವಕಾರ್ರು ಗೆದ್ರು." ಉಳಿದವರೂ ಹೌದೆಂದರು. ಸಾವಕಾರರ ಮುಖ ಅರಳಿತು. ಎಷ್ಟೋ ಹೊತ್ತಿನ ಮೇಲೆ, ಚಹಾ ಬಂದು ಅರ್ಧ ಕುಡಿದ ಮೇಲೆ, ಅವರು ಕಪ್ಪು ಕೆಳಗಿಟ್ಟರು.

"ತಂಗಿ, ನನ್ನ ಸಿಗಿಸಿದೆಲಾ."

"ಇಲ್ರಿ ಸಾವಕಾರ್ರ. ಫಕೀರವ್ವನ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ನಿಮ್ಮ ಹತ್ರ ಇತ್ತು."

ಇದು ಸತ್ಯ. ಹೋಗುವಾಗ ನನ್ನ ಮನಸ್ಸಿನಲ್ಲಿ ಒಂದಿಷ್ಟು ಉಪಾಯವಿತ್ತು, ಸುಳ್ಳೇಕೆ ಹೇಳಲಿ. ಆದರೆ ಅವರು ಮಾತಾಡುತ್ತಿದ್ದಾಗ ನಾನು ಉಪಾಯ ಮರೆತು ಕೇಳುತ್ತ ಕೂತಿದ್ದೆ. ಅವರು ಅಲ್ಲಿಂದಲೇ ಜೆಸಿಬಿಯವನಿಗೆ ಫೋನು ಮಾಡಿ ಬರಬೇಡ ಎಂದರು. ಪಾರ್ಕು ದಂಡೆಯ ಬದಿಗೆ ಬಂತು, ಎರಿ ಮೂಲೆಗೆ ನೀರಿನ ಟಾಕಿ ಹೋಯಿತು.

ಫಕೀರವ್ವನಿಗೆ ಪ್ಲಾಟು ಸಿಗಲಿಲ್ಲ. ಇದನ್ನು ಬಿಟ್ಟು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಅವಳು ಈಗಲೂ ಬಾಡಿಗೆಯ ಮನೆಯಲ್ಲೇ ಇದ್ದಾಳೆ. ದಂಡೆಗೆ ತಂತಿ ಬೇಲಿ ಹಾಕಿಸಿದ ದಿನ ಅವಳು ಬುಟ್ಟಿ ಹಿಡಿದು ಹೊರಗೆ ನಿಂತು, "ಹುಳಾ ಒಳಗ, ನಾ ಹೊರಗ. ಚಲೋ ಉಳಸಿದ್ರಿ," ಎಂದಳು. ನಾವು ಜೇಡದ ಮನೆಗಳಿಲ್ಲದ ತುದಿಯಲ್ಲಿ ಒಬ್ಬರು ನುಗ್ಗುವಷ್ಟು ಬೇಲಿ ಬಿಚ್ಚಿಸಿದೆವು. ಸಾವಕಾರರು ಕೆಮ್ಮಣ್ಣಿಗೆ ಅಡ್ಡಿ ಮಾಡುವುದಿಲ್ಲ ಎಂದು ಮಾತು ಕೊಟ್ಟರು, ನಡೆಸಿಕೊಂಡರು. ಮನೆ ಇಲ್ಲದ್ದಕ್ಕೆ ಅದು ಪರಿಹಾರವಲ್ಲ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಹಬ್ಬದ ಮುಂದೆ ನಮ್ಮ ಮನೆಗೂ ಒಂದು ಬುಟ್ಟಿ ತರುತ್ತಾಳೆ, ಗಂಟಿಲ್ಲದ್ದು.

ಆರನೇ ವರ್ಷದ ಕೊನೆಗೆ ಯೋಜನೆ ಮುಗಿಯಿತು. ಹೊಸಮನಿ ಸರ್ ಮಗಳ ಊರಿಗೆ ಹೋದರು. ನಾನು ಪುಸ್ತಕಗಳನ್ನು ಒಪ್ಪಿಸಿ ಕನ್ನಡಿಯನ್ನು ಕೇಳಿ ಇಟ್ಟುಕೊಂಡೆ. ಎರಡು ತಿಂಗಳ ಮೇಲೆ ಸಾವಕಾರರ ಫೋನು ಬಂತು.

"ತಂಗಿ, ಪುರಸಭೆಯವ್ರು ಪಾರ್ಕ್ ಅಭಿವೃದ್ಧಿ ಮಾಡ್ತಾರಂತ. ದಂಡಿ ಸಪಾಟ ಮಾಡಿ ಹುಲ್ಲ ಹಚ್ಚಿ, ನೀರಿನ ಕಾರಂಜಿ, ಸುತ್ತ ಅಡ್ಡ್ಯಾಡೂ ಹಾದಿ. ನಾಳೆ ಸಾಹೇಬ್ರು ಬರ್ತಾರ. ನೀ ಬಾ."

"ನನಗ ಈಗ ಹುದ್ದೆ ಇಲ್ರಿ. ಯಾವ ಅಧಿಕಾರದಿಂದ ಮಾತಾಡ್ಲಿ?"

"ಮಾತಾಡ ಅಂತ ಯಾರ ಅಂದ್ರು? ಸುಮ್ನ ನಿಂದರು. ಮಾತಾಡಾಕ ನಾ ಅದೀನಿ."

ಹೋದೆ. ಸಾಹೇಬರು ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರ್, ನನಗಿಂತ ಚಿಕ್ಕವರು, ಒಳ್ಳೆಯ ಮನಸ್ಸಿನಿಂದ ಒಳ್ಳೆಯ ಪಾರ್ಕು ಬರೆದು ತಂದಿದ್ದರು. ದಂಡೆಯನ್ನು ಈ ಕಡೆಯಿಂದ ಆ ಕಡೆಗೆ ನೋಡಿ, "ಇಲ್ಲಿ ಏನೂ ಇಲ್ವಲ್ರಿ," ಎಂದರು.

ಎಷ್ಟು ಸಲ ಕೇಳಿದ ಮಾತು ಅದು. ನನ್ನ ಬಾಯಿಗೆ ಏಳು ಉತ್ತರ ಒಟ್ಟಿಗೆ ಬಂದವು. ಸಾವಕಾರರು ನನ್ನ ಕಡೆ ನೋಡಿದರು. ನಾನು ಬಾಯಿ ಮುಚ್ಚಿಕೊಂಡೆ. ಅವರು ವಾದವನ್ನೇ ಹೂಡಲಿಲ್ಲ. ಬಿಳಿ ಧೋತರದ ಪರಿವೆಯಿಲ್ಲದೆ ಕೆಂಪು ಮಣ್ಣಿನಲ್ಲಿ ಮೊಣಕಾಲೂರಿ ಒಂದು ಜಾಗದ ಪಕ್ಕ ಬೆರಳಿಟ್ಟು, "ಕೂಡ್ರಿ ಸಾಹೇಬ್ರ," ಎಂದರು. ಸಾಹೇಬರು ಕೂತರು. ಬಹಳ ಹೊತ್ತಿನ ಮೇಲೆ ಅವರಿಗೆ ಆ ದುಂಡು ಗೆರೆ ಕಂಡಿತು. ಕೊರಳ ಪಟ್ಟಿಯಲ್ಲಿದ್ದ ಪಿನ್ನು ತೆಗೆದು ಮುಚ್ಚಳದ ಅಂಚಿಗೆ ತಾಗಿಸಿದರು.

ಆರು ವರ್ಷ ಯಾರಿಗೂ ಮಾಡಲು ಬಿಡದ ಕೆಲಸ. ನಾನು ಕೈಗಳನ್ನು ಹಿಂದೆ ಕಟ್ಟಿಕೊಂಡೆ. "ಸಾವಕಾಶ್ರಿ," ಎಂದರು ಸಾವಕಾರರು, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

ಮುಚ್ಚಳ ಜೋಳದ ಕಾಳಿನಷ್ಟು ಎದ್ದಿತು. ಅಲ್ಲಿಗೆ ನಿಂತಿತು. ಸಾಹೇಬರು ಇನ್ನೊಂದಿಷ್ಟು ಎತ್ತಲು ನೋಡಿದರು. ಪಿನ್ನು ಅವರ ಬೆರಳಲ್ಲಿ ಕೆಳಕ್ಕೆ ಜಗ್ಗಿತು. ಒಳಗಿದ್ದದ್ದು ಕದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತ್ತು. ಅವರು ಉಸಿರು ಬಿಗಿಹಿಡಿದು, ಸಡಿಲ ಮಾಡುತ್ತ ಮಾಡುತ್ತ ಪಿನ್ನನ್ನು ಹಿಂದೆ ತೆಗೆದರು. ಮುಚ್ಚಳ ಕೂತಿತು, ಗೆರೆ ಮಾಯವಾಯಿತು.

"ಮನ್ಯಾಗ ಅದಾರ್ರಿ," ಎಂದರು ಸಾಹೇಬರು.

ನಕ್ಷೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, ಬಂದಾಗ ಬಿದ್ದಿದ್ದ ತಮ್ಮ ಹೆಜ್ಜೆ ಗುರುತುಗಳನ್ನು ಹುಡುಕಿ, ಅವುಗಳ ಮೇಲೆಯೇ ಕಾಲಿಡುತ್ತ ಬೇಲಿಯ ಹೊರಗೆ ನಡೆದರು.